ತಲೆಯಾಡಿಸಿದ ಲ್ಯುಬೆನ್

ನಮ್ಮೂರ ಮಣ್ಣಿಗೆ ಸ್ಮೋಲ್ನಿತ್ಸಾ ಎಂದು ಹೆಸರು. ಸ್ಮೊಲಾ ಅಂದರೆ ರಾಳ. ಕಡುಗಪ್ಪು ಮಣ್ಣು; ಮಳೆ ಬಿದ್ದರೆ ರಾಳದ ಹಾಗೆ ಕಾಲಿಗೆ ಅಂಟಿಕೊಂಡು ಮಿಸುಕಗೊಡುವುದಿಲ್ಲ, ಆಗಸ್ಟ್ ಬಂತೆಂದರೆ ಕೋಳಿಮರಿ ಬಿದ್ದು ಮಾಯವಾಗುವಷ್ಟು ಬಿರುಕು ಬಿಡುತ್ತದೆ. ನಾನು ಹುಟ್ಟಿದ್ದು ಈ ಮಣ್ಣಿನ ಮೇಲೆ. ಓದಿದ್ದೂ ಇದನ್ನೇ. ನಮ್ಮ ರಾಜಧಾನಿ ಸೋಫಿಯಾದ ಸಂಶೋಧನಾ ಸಂಸ್ಥೆಯಲ್ಲಿ ಕೂದಲು ನರೆಸಿಕೊಂಡದ್ದೂ ಇದರ ಹಿಂದೆಯೇ.

ಲ್ಯುಬೆನ್ ಕೂಡ ಅದೇ ಊರಿನವನು, ಅದೇ ಸಂಸ್ಥೆಯವನು. ನನಗಿಂತ ದೊಡ್ಡವನಾದ್ದರಿಂದ ಲ್ಯುಬೆನಣ್ಣ ಎನ್ನುತ್ತಿದ್ದೆ. ನನ್ನ ಮದುವೆಗೆ ಸಾಕ್ಷಿಯಾಗಿ ನಮ್ಮಿಬ್ಬರ ಬೆನ್ನಿಗೆ ನಿಂತ ಕೂಮ್ ಅವನೇ. ಕೂಮ್ ಅಂದರೆ ಹೆತ್ತವರಷ್ಟೇ ದೊಡ್ಡವನು. ನಮ್ಮ ಹಳಬರು ಕೂಮ್‌ನ ನೆರಳು ತುಳಿಯದ ಹಾಗೆ ಸುತ್ತಿಕೊಂಡು ಹೋಗುತ್ತಿದ್ದರು. ಅಂಥವನು ನನ್ನ ಕುತ್ತಿಗೆ ಕೊಯ್ದ. ಅದೂ ತುಟಿ ಬಿಚ್ಚದೆ, ಬರೀ ತಲೆಯಾಡಿಸಿ.

ಎಂಬತ್ತರ ದಶಕದ ಆರಂಭ. ಪ್ರಪಂಚದ ಮಣ್ಣಿಗೆಲ್ಲ ಒಂದೇ ವರ್ಗೀಕರಣ ಮಾಡಬೇಕೆಂದು ದೇಶದೇಶದ ಮಣ್ಣುವಿಜ್ಞಾನಿಗಳು ಸೋಫಿಯಾದಲ್ಲಿ ಸೇರುವವರಿದ್ದರು. ಒಬ್ಬರ ನಕ್ಷೆ ಇನ್ನೊಬ್ಬರಿಗೆ ಅರ್ಥವಾಗದೆ ಎಲ್ಲರಿಗೂ ಸಾಕಾಗಿತ್ತು. ರಷ್ಯನ್ನರ ಚೆರ್ನೋಜೆಮ್, ಪೊಡ್ಝೋಲ್ ಎಂಬ, ಹಳ್ಳಿಗರು ಮಣ್ಣಿಗಿಟ್ಟ ಹೆಸರುಗಳು ಆಗಲೇ ಪಟ್ಟಿಯಲ್ಲಿ ಕಾಲು ಚಾಚಿ ಕುಳಿತಿದ್ದವು. ಬಿರುಕು ಬಿಡುವ ಕಪ್ಪು ಮಣ್ಣಿನ ಗುಂಪಿಗೆ ಮಾತ್ರ ಹೆಸರು ನಿಶ್ಚಯವಾಗಿರಲಿಲ್ಲ. ಒಂದು ಕಡೆ ನಮ್ಮ ಸ್ಮೋಲ್ನಿತ್ಸಾ, ಇನ್ನೊಂದು ಕಡೆ ಲ್ಯಾಟಿನ್‌ನಿಂದ ಕಟ್ಟಿದ ಒಂದು ಹೊಸ ಪದ. ನಮ್ಮ ಅಜ್ಜಿಯರು ಬೈಯುತ್ತ ಬಳಸಿದ ಮಾತು ಭೂಮಂಡಲದ ನಕ್ಷೆ ಏರುತ್ತದೆ ಎಂಬ ಆಸೆ ನನಗೆ. ಸಣ್ಣ ಆಸೆಯೇನೂ ಅಲ್ಲ, ಅದಕ್ಕಾಗಿ ಜೀವ ತೇಯ್ದಿದ್ದೆ.

ಅತಿಥಿಗಳು ಬರುವ ಮೊದಲು ಲ್ಯುಬೆನ್ ನಮ್ಮನ್ನೆಲ್ಲ ಕೂರಿಸಿ ಪಾಠ ಮಾಡಿದ. ನಮ್ಮಲ್ಲಿ ತಲೆ ಮೇಲೆ ಕೆಳಗೆ ಆಡಿಸಿದರೆ ‘ಇಲ್ಲ’, ಅಡ್ಡಡ್ಡ ಆಡಿಸಿದರೆ ‘ಹೌದು’. ಹೊರಗಿನವರಿಗೆ ಇದು ತಿರುಗುಮುರುಗು. ಅವನು ಫ್ರಾನ್ಸಿನಲ್ಲಿ ಇದ್ದು ಬಂದವನು, ಹಾಗಾಗಿ ಅವನೇ ಮೇಷ್ಟ್ರು.

“ನೋಡ್ರಪ್ಪ, ಅವರು ಇರೋವರ್ಗೂ ನಿಮ್ಮ ನಿಮ್ಮ ತಲೆ ಮನೇಲಿ ಬಿಟ್ಟು ಬನ್ನಿ,” ಅಂದ. “ದೋನ್ಕಾ, ಊಟ ಬೇಕಾ?”

ನಾನು ಅಡ್ಡಡ್ಡ ತಲೆಯಾಡಿಸಿದೆ.

“ಹೋಯ್ತು! ನಿನಗೆ ಊಟ ಇಲ್ಲ. ಉಪವಾಸ ಬಿದ್ದಿರು.”

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಅವನು ಮಾತ್ರ ಒಮ್ಮೆಯೂ ತಪ್ಪಲಿಲ್ಲ. ಹೋಟೆಲಿನಲ್ಲಿ ನಮ್ಮವನೇ ಆದ ಮಾಣಿ ಇನ್ನಷ್ಟು ಸೂಪು ಬೇಕೇ ಎಂದು ಕೇಳಿದಾಗ ಮೇಲೆ ಕೆಳಗೆ ತಲೆಯಾಡಿಸಿದ. ಮಾಣಿ ಬಟ್ಟಲನ್ನೇ ಎತ್ತಿಕೊಂಡು ಹೋದ. ಆಗ ಅದನ್ನು ತಮಾಷೆ ಎಂದುಕೊಂಡೆ.

ಅತಿಥಿಗಳನ್ನು ನಮ್ಮೂರಿಗೆ ಕರೆದೊಯ್ದು, ನಾನು ತೋಡಿಸಿದ ಗುಂಡಿಯಲ್ಲಿ ಇಳಿಸಿದೆವು. ಹೆಂಟೆ ಒಡೆದರೆ ಒಳಗೆ ಉಜ್ಜಿ ಮೆರುಗು ಕೊಟ್ಟಂಥ ಮುಖಗಳು. ಎಲ್ಲರೂ ಮಕ್ಕಳ ಹಾಗೆ ಮಣ್ಣು ಕಲಸಿದರು. ಭಾರತದಿಂದ ಬಂದ ಹಿರಿಯರೊಬ್ಬರು ಒಂದು ಉಂಡೆ ಮೂಸಿ ನೋಡಿ, “ಇದು ನಮ್ಮ ಎರೆ ಮಣ್ಣೇ ಕಣಮ್ಮ. ಆದ್ರೆ ನಿಮ್ಮ ಹೆಸರು ಚೆನ್ನಾಗಿದೆ, ಅಂಟುತ್ತೆ,” ಅಂದರು. ಅವರ ತಲೆ ಮೇಲೆ ಕೆಳಗೂ ಅಲ್ಲ, ಅಡ್ಡಡ್ಡವೂ ಅಲ್ಲ, ಗಾಳಿಗೆ ಸಿಕ್ಕ ತೆನೆಯ ಹಾಗೆ ತೂಗಿತು. “ಇವರ ಪಾಠ ನನ್ ಕೈಲಿ ಆಗಲ್ಲ,” ಎಂದು ಲ್ಯುಬೆನ್ ಕೈ ಮುಗಿದ. ಎಷ್ಟು ಖುಷಿಯ ದಿನ ಅದು! ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಕೊನೆಯ ದಿನ ತೀರ್ಮಾನ. ಲ್ಯಾಟಿನ್ ಪದ ಬರಬೇಕಾದರೆ ಎಲ್ಲ ದೇಶಗಳೂ ಒಪ್ಪಬೇಕು, ಒಂದು ದೇಶ ಬೇಡವೆಂದರೂ ಸ್ಮೋಲ್ನಿತ್ಸಾ ಉಳಿಯುತ್ತದೆ ಎಂಬುದು ನಿಯಮ. ಆ ಒಂದು ದೇಶ ನಾವೇ ಇದ್ದೆವಲ್ಲ, ನನಗೇನು ಭಯ? ದೇಶಕ್ಕೊಬ್ಬರೇ ಉತ್ತರ ಕೊಡಬೇಕು. ನಮ್ಮ ಪರವಾಗಿ ಲ್ಯುಬೆನ್. ನಾನು ಅವನ ಹಿಂದಿನ ಸಾಲಿನಲ್ಲಿ.

ಬೆಲ್ಜಿಯಂನ ಅಧ್ಯಕ್ಷರಿಗೆ ಊಟದ ಅವಸರ. “ಲ್ಯಾಟಿನ್ ಹೆಸರಿಗೆ ಒಪ್ಪಿಗೆಯೇ?” ಎಂದು ಒಬ್ಬೊಬ್ಬರ ಮುಖ ನೋಡುತ್ತ ಬಂದರು. ನಮ್ಮ ಸರದಿ ಬಂತು. ಲ್ಯುಬೆನ್‌ನ ತಲೆ ನಿಧಾನವಾಗಿ ಮೇಲೆ ಹೋಯಿತು, ಕೆಳಗೆ ಬಂತು.

ಇಲ್ಲ ಅಂದ! ನನ್ನ ಎದೆ ಅರಳಿತು. ಅಷ್ಟರಲ್ಲಿ ಅಧ್ಯಕ್ಷರು ಸುತ್ತಿಗೆ ಕುಟ್ಟಿದರು. ಸರ್ವಾನುಮತ.

“ಅವರು ಬೇಡ ಅಂದಿದ್ದು!” ಎಂದು ನಮ್ಮ ಭಾಷೆಯಲ್ಲೇ ಕಿರುಚಿ ಎದ್ದೆ. ಲ್ಯುಬೆನ್ ತಿರುಗಿ ನನ್ನ ಕೈ ಹಿಡಿದು ಕೂರಿಸಿದ.

“ಸುಮ್ನಿರು ದೋನ್ಕಾ, ಮಾನ ತೆಗೀಬೇಡ. ಊಟದ ಹೊತ್ತಲ್ಲಿ ಹೇಳಿ ಸರಿ ಮಾಡಿಸ್ತೀನಿ.”

ಊಟ ಆಯಿತು. ಏನೂ ಸರಿಯಾಗಲಿಲ್ಲ. ಸಂಜೆ ಅವನು ತಲೆ ಮೇಲೆ ಕೈ ಹೊತ್ತು ಕೂತಿದ್ದ. “ಏನ್ ಮಾಡ್ಲಿ ಹೇಳು, ಗಾಬರೀಲಿ ನಮ್ಮೂರ ತಲೆ ವಾಪಸ್ ಬಂದ್ಬಿಡ್ತು. ಬಾಯಿ ಬಿಟ್ಟು ಹೇಳೋ ಅಷ್ಟರಲ್ಲಿ ಕುಟ್ಟಿಬಿಟ್ಟ ಆ ಬೆಲ್ಜಿಯಂನವನು. ಈಗ ಹೇಳಿದ್ರೆ ಮುಗಿದು ಹೋಯ್ತು ಅಂತಾನೆ.” ಅವನ ಕಣ್ಣಲ್ಲಿ ನೀರಿತ್ತು. ನಾನೇ ಹಣ್ಣಿನ ಹೆಂಡ ರಕಿಯಾ ಸುರಿದು ಕೊಟ್ಟು, “ಹೋಗ್ಲಿ ಬಿಡಣ್ಣ, ನೀನೇನು ಬೇಕೂಂತ ಮಾಡಿದ್ಯಾ?” ಎಂದು ಸಮಾಧಾನ ಹೇಳಿದೆ. ಆ ಮಾತು ನೆನಪಾದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಸಂಸ್ಥೆಯಲ್ಲಿ ಇದೊಂದು ನಗೆಯ ಮಾತಾಯಿತು. ತಲೆಯಾಡಿಸಿ ಮಣ್ಣು ಕಳಕೊಂಡವರು ಎಂದು ನಮಗೆ ನಾವೇ ಹೇಳಿಕೊಂಡು ನಗುತ್ತಿದ್ದೆವು. ಚಳಿಗಾಲ ಕಳೆಯುವ ಹೊತ್ತಿಗೆ ಸುದ್ದಿ ಬಂತು: ಹೊಸ ಹೆಸರುಗಳ ಸಮಿತಿಗೆ ಲ್ಯುಬೆನ್ ಕಾರ್ಯದರ್ಶಿ. ಇನ್ನು ಹೆಂಡತಿ ಮಕ್ಕಳೊಂದಿಗೆ ಬ್ರಸೆಲ್ಸ್‌ನಲ್ಲಿ ವಾಸ. ಆ ಕಾಲದಲ್ಲಿ ನಮ್ಮವರಿಗೆ ಪಾಸ್‌ಪೋರ್ಟ್ ಸಿಗುವುದೇ ಭಾಗ್ಯ. ನನಗೆ ಆ ಸೂಪಿನ ಬಟ್ಟಲು ನೆನಪಾಯಿತು. ನಮ್ಮ ಮಾಣಿಯ ಮುಂದೆಯೂ ಹೊರಗಿನವರ ತಲೆ ಆಡಿಸುತ್ತಿದ್ದವನಿಗೆ ಅದೊಂದು ಗಳಿಗೆಯಲ್ಲಿ ಮಾತ್ರ ಊರ ತಲೆ ಬಂದದ್ದು ಹೇಗೆ? ಆದರೂ ನಂಬಲು ಮನಸ್ಸು ಒಪ್ಪಲಿಲ್ಲ. ಕೂಮ್ ಅಲ್ಲವೇ!

ಚರ್ಚಿನ ದೊಡ್ಡ ಉಪವಾಸ ಶುರುವಾಗುವ ಮುಂಚಿನ ಭಾನುವಾರ ಕಿರಿಯರು ಕೂಮ್‌ನ ಮನೆಗೆ ಹೋಗಿ ಕ್ಷಮೆ ಕೇಳುವುದು ನಮ್ಮ ಪದ್ಧತಿ. ಲ್ಯುಬೆನ್ ತಾಯಿಗೆ ಹೇಳಿ ಹೋಗಲು ಊರಿಗೆ ಬಂದಿದ್ದ. ನಾನು ಹಲ್ವ, ಬೇಯಿಸಿದ ಮೊಟ್ಟೆ ಕಟ್ಟಿಕೊಂಡು ಹೋದೆ. ಹಿಮ ಕರಗಿ ದಾರಿಯೆಲ್ಲ ರಾಡಿ. ಒಲೆಯ ಪಕ್ಕ ಅವನ ತಾಯಿ ಗೀನಾಜ್ಜಿ ಕೂತು, ಮಗನ ಹೊಸ ಬೂಟಿಗೆ ಮೆತ್ತಿದ ಮಣ್ಣನ್ನು ಚಾಕುವಿನಿಂದ ಹೆರೆಯುತ್ತಿದ್ದಳು. ಅಜ್ಜಿಗೆ ಕಿವಿ ಪೂರ್ತಿ ಮಂದ. ಎದುರಿನವರ ತಲೆ ನೋಡಿಯೇ ಮಾತು ತಿಳಿಯುತ್ತಿದ್ದಳು.

ನಾನು ಲ್ಯುಬೆನ್‌ನ ಕೈಗೆ ಮುತ್ತಿಟ್ಟು, “ಕ್ಷಮಿಸು ಅಣ್ಣ,” ಅಂದೆ.

“ದೇವರು ಕ್ಷಮಿಸ್ತಾನೆ,” ಅಂದ. ಅದು ಕೂಮ್ ಹೇಳಬೇಕಾದ ಮಾತು.

“ನೋಡೇ ದೋನ್ಕಾ, ಈ ಸ್ಮೋಲ್ನಿತ್ಸಾ ಹಿಡಕಂಡ್ರೆ ಬಿಡಾಕಿಲ್ಲ,” ಅಂದಳು ಅಜ್ಜಿ, ಚಾಕು ಝಾಡಿಸುತ್ತ. “ಅದೇನೋ ಇದ್ರ ಹೆಸರನ್ನ ಲೋಕಕ್ಕೆಲ್ಲ ಇಡ್ತೀವಿ ಅಂತಿದ್ರಲ್ಲ, ಏನಾಯ್ತು?”

ನಾನು ಲ್ಯುಬೆನ್ ಕಡೆ ತಿರುಗಿದೆ. “ನೀನೇ ಹೇಳಣ್ಣ. ಅಜ್ಜಿ ಎದುರು ಹೇಳು. ಆ ಕೆಲಸಕ್ಕೋಸ್ಕರ ಹೆಸರು ಬಿಟ್ಟುಕೊಟ್ಯಾ?”

ಅವನ ಮುಖ ಕಪ್ಪಿಟ್ಟಿತು. ನನ್ನ ತುಟಿಯನ್ನೇ ನೋಡುತ್ತಿದ್ದ ಅಜ್ಜಿಗೆ ಅರ್ಧಂಬರ್ಧ ಗೊತ್ತಾಗಿರಬೇಕು. ಕೆಪ್ಪರ ಗಟ್ಟಿ ದನಿಯಲ್ಲಿ ಕೇಳಿದಳು: “ಏನ್ಲಾ, ಹೆಸರು ಬಿಟ್ಟುಕೊಟ್ಬುಟ್ಯಾ?”

ಲ್ಯುಬೆನ್ ಬೆಚ್ಚಿಬಿದ್ದ. ಬಾಯಿ ತೆರೆಯುವ ಮೊದಲೇ ಅವನ ತಲೆ ಆಡಿತು. ಅಡ್ಡಡ್ಡ, ಜೋರಾಗಿ, ಮತ್ತೆ ಮತ್ತೆ.

ಹುಟ್ಟಿದ ಮನೆಯಲ್ಲಿ, ಹೆತ್ತ ತಾಯಿಯ ಮುಂದೆ, ಗಾಬರಿಯಲ್ಲಿ ಬಂದದ್ದು ಹೊರಗಿನವರ ‘ಇಲ್ಲ’. ಅವನ ಕುತ್ತಿಗೆಯ ಮೇಲೆ ನಮ್ಮೂರ ತಲೆ ಉಳಿದೇ ಇರಲಿಲ್ಲ. ಹಾಗಾದರೆ ಅಂದು ಸಭೆಯಲ್ಲಿ ಮೇಲೆ ಕೆಳಗೆ ಆಡಿದ್ದು ಯಾವ ತಲೆ?

ಅಜ್ಜಿ ಚಾಕು ಕೆಳಗಿಟ್ಟಳು. ಅವಳಿಗೆ ಗೊತ್ತಿದ್ದದ್ದು ಒಂದೇ ತಲೆ.

“ಹೌದಂತೆ ಕಣೇ,” ಅಂದಳು ನನಗೆ. “ಬಿಟ್ಟುಕೊಟ್ನಂತೆ. ಒಪ್ಕಂಡ.”

“ಇಲ್ಲಮ್ಮಾ, ಹಂಗಲ್ಲ, ನಾನು...” ಲ್ಯುಬೆನ್ ಅವಳ ಕಿವಿಯ ಹತ್ತಿರ ಬಗ್ಗಿ ಕೂಗಿದ. ಕೂಗುವಾಗಲೂ ತಲೆ ಅಡ್ಡಡ್ಡ ಆಡುತ್ತಲೇ ಇತ್ತು.

“ಆಯ್ತು ಕಣಪ್ಪಾ, ಗೊತ್ತಾಯ್ತು. ಎಷ್ಟು ಸಲ ಹೌದು ಅಂತೀಯಾ?” ಎಂದು ಅಜ್ಜಿ ಅರ್ಧ ಹೆರೆದ ಬೂಟನ್ನು ಅವನ ಕಾಲ ಹತ್ತಿರ ತಳ್ಳಿದಳು. “ಮಿಕ್ಕಿದ್ದು ನೀನೇ ತೆಕ್ಕೋ.”

ನಾನು ಹಲ್ವ, ಮೊಟ್ಟೆ ಅಜ್ಜಿಯ ಮಡಿಲಿಗೆ ಹಾಕಿ ಎದ್ದು ಬಂದೆ. ಅಂದು ಆ ಮನೆಯಲ್ಲಿ ಕ್ಷಮೆ ಕೇಳಿದವಳು ನಾನೊಬ್ಬಳೇ.