ಮುಂದಿನ ಎಡಚಕ್ರ

ಜಾಕ್ ಕೊಟ್ಟು ಎತ್ತಿದ್ದ ಬಸ್ಸಿನ ಮುಂದಿನ ಎಡಚಕ್ರಕ್ಕೆ ಮೇಲೊಂದು ಕೆಳಗೊಂದು ಕೈಯಿಟ್ಟು ಮಗಳು ಅಲುಗಾಡಿಸುತ್ತಿದ್ದಳು. ಶೆಡ್ಡಿನಾಚೆ, ಮನೆಯ ಅಂಗಳದಲ್ಲಿ, ರಾತ್ರಿ ತೀರಿಹೋದ ಅಪ್ಪನನ್ನು ಮಲಗಿಸಿದ್ದರು.

"ಜನ ಕಾಯ್ತಿದ್ದಾರೆ ಕಣಮ್ಮ," ಎಂದ ಚಿಕ್ಕಪ್ಪ. "ವ್ಯಾನ್ ಹೇಳಿಬಿಡ್ತೀನಿ. ರಿಪೇರಿ ಆದ್ಮೇಲೆ ಈ ಬಸ್ಸು ಇನ್ನೂ ರಸ್ತೆಗೇ ಇಳಿದಿಲ್ಲ."

"ಇವತ್ತು ಇಳಿಯುತ್ತೆ. ಅಪ್ಪ ಇದರಲ್ಲೇ ಹೋಗ್ಬೇಕು."

"ಅಣ್ಣನ ಕೈ ಹೇಗೆ ನಡುಗ್ತಿತ್ತು ಅಂತ ನೀನೇ ನೋಡಿದೀಯ. ಲೋಟ ಬಾಯಿಗೆ ಹೋಗೋಷ್ಟರಲ್ಲಿ ಅರ್ಧ ನೀರು ಅಂಗಿ ಮೇಲೆ. ಆ ಕೈಯಿಂದ ನಿನ್ನೆ ಕೂರಿಸಿದ ಬೇರಿಂಗ್ ಇದು. ದಾರಿ ಮಧ್ಯೆ ಚಕ್ರ ಹಿಡ್ಕೊಂಡ್ರೆ ಅಣ್ಣನ್ನ ಒಳಗಿಟ್ಕೊಂಡು ನಾವೆಲ್ಲ ಅಲ್ಲೇ ನಿಲ್ಬೇಕು. ಬಿಚ್ಚಿ ನೀನೇ ಇನ್ನೊಂದ್ಸಲ ಕೂರಿಸು."

ಅವಳು ಮತ್ತೊಮ್ಮೆ ಚಕ್ರ ಅಲುಗಾಡಿಸಿದಳು. ಬಿಚ್ಚಿದರೆ ಅಪ್ಪನ ಕೊನೆಯ ಕೆಲಸ ಅಪ್ಪನದಾಗಿ ಉಳಿಯುವುದಿಲ್ಲ.

*

ಮೂವತ್ತು ವರ್ಷ ಡಿಪೋದಲ್ಲಿ ತಾನೇ ರಿಪೇರಿ ಮಾಡಿದ ಬಸ್ಸು ಗುಜರಿಗೆ ಹೊರಟಾಗ ಅಪ್ಪ ಹಟ ಹಿಡಿದು ಮನೆಗೆ ತಂದಿದ್ದ. ಒಂದೊಂದೇ ಭಾಗ ಬಿಚ್ಚಿ ಜೋಡಿಸುತ್ತ, ಮಗಳಿಗೂ ಕಲಿಸಿದ.

"ಚಕ್ರ ತಿರುಗಿಸ್ತಾ ನಟ್ ಬಿಗಿ ಮಾಡು. ಆಮೇಲೆ ಒಂದು ಚೂರು ಹಿಂದಕ್ಕೆ ಬಿಡು. ಬಿಗಿ ಜಾಸ್ತಿಯಾದ್ರೆ ಬೇರಿಂಗ್ ಸುಟ್ಟೋಗುತ್ತೆ, ಸಡಿಲಾದ್ರೆ ಚಕ್ರ ಕುಣಿಯುತ್ತೆ."

ಯಾವ ಬಸ್ಸೇ ಆಗಲಿ, ಮೊದಲ ಓಟ ಮುಗಿಸಿ ಬಂದರೆ ಚಕ್ರದ ನಡುವಿನ ಹಬ್‌ಗೆ ಅವನು ಕೈಯ ಹಿಂಬದಿ ತಾಗಿಸಿ ನೋಡುತ್ತಿದ್ದ. ಬೆಚ್ಚಗಷ್ಟೇ ಇದ್ದರೆ, "ಜ್ವರ ಇಲ್ಲ" ಎನ್ನುತ್ತಿದ್ದ. ಮಗಳ ಹಣೆಗೂ ಅದೇ ಗ್ರೀಸಿನ ಕೈ, ಅದೇ ಮಾತು. ಶಾಲೆ ತಪ್ಪಿಸಲು ಅವಳು ಕಂಬಳಿ ಹೊದ್ದು ನರಳಿದಾಗಲೆಲ್ಲ ಆ ಕೈ ಅವಳ ಬಣ್ಣ ಬಯಲು ಮಾಡಿತ್ತು. ಆಗ ಎಷ್ಟು ಸಿಟ್ಟು ಬರುತ್ತಿತ್ತೋ, ಈಗ ಅಷ್ಟೇ ಬೇಕೆನಿಸಿತು ಆ ಕೈ.

*

"ಕೂದಲೆಳೆಯಷ್ಟು ಆಡ್ತಿದೆ. ಅಷ್ಟೇ ಆಡ್ಬೇಕು," ಎಂದು ಮಗಳು ಜಾಕ್ ಇಳಿಸಿದಳು. "ಬಿಚ್ಚಲ್ಲ."

ಅಪ್ಪನನ್ನು ಸೀಟುಗಳ ನಡುವೆ ಮಲಗಿಸಿ ಅವಳೇ ಸ್ಟಿಯರಿಂಗ್ ಹಿಡಿದಳು. ದಾರಿಯುದ್ದಕ್ಕೂ ಅವಳ ಕಿವಿಯೆಲ್ಲ ಎಡಚಕ್ರದ ಕಡೆಗೇ. ಚಿಕ್ಕಪ್ಪ ಜೀವ ಕೈಯಲ್ಲಿ ಹಿಡಿದುಕೊಂಡು ಬಾಗಿಲ ಬಳಿ ನಿಂತಿದ್ದ.

ಸ್ಮಶಾನದ ಗೇಟಿನಲ್ಲಿ ಇಳಿಸುವಾಗ ಅವಳು ಅಪ್ಪನ ಕೈ ಮುಟ್ಟಿದಳು. ತಣ್ಣಗಿತ್ತು. ನಡುಕವಿರಲಿಲ್ಲ.

ಆಮೇಲೆ ಚಕ್ರದ ಬಳಿ ಕುಕ್ಕರುಗಾಲಿನಲ್ಲಿ ಕೂತು ಹಬ್‌ಗೆ ಕೈಯ ಹಿಂಬದಿ ಇಟ್ಟಳು.

"ಹೇಗಿದೆ?" ಚಿಕ್ಕಪ್ಪ ಮೆಲ್ಲಗೆ ಕೇಳಿದ.

"ಜ್ವರ ಇಲ್ಲ, ಚಿಕ್ಕಪ್ಪ."

ಅವನೂ ಬಂದು ಪಕ್ಕದಲ್ಲಿ ಕೂತು ಕೈ ಚಾಚಿದ. ಗೇಟಿನಿಂದ ಯಾರೋ ಕರೆದರು. ಆ ಬೆಚ್ಚನೆಯ ಕಬ್ಬಿಣದ ಮೇಲಿಂದ ಇಬ್ಬರೂ ಕೈ ತೆಗೆಯಲಿಲ್ಲ.