ಹೊಸಪೇಟೆಯ ಕೆಂಪು ಡಬ್ಬಿ

ಪರೀಕ್ಷೆಯಿಂದ ಹೆಸರು ವಾಪಸು ತೆಗೆದುಕೊಂಡರೆ ಅಂಜಿದ ಅಂತಾರೆ, ಕೂತು ಬರೆದರೆ ಫೇಲಾದ ಅಂತಾರೆ. ಈ ಎರಡು ಮಾತುಗಳಲ್ಲಿ ಯಾವುದನ್ನು ಕೇಳಿಸಿಕೊಂಡು ಮನುಷ್ಯ ಹೆಚ್ಚು ದಿನ ಬಾಳಬಹುದು? ಕೊಟ್ರಪ್ಪ ಮಾಸ್ತರ ಇದನ್ನೇ ತೂಗುತ್ತ ಗಂಗಾವತಿಯ ಟಪಾಲು ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ ನಿಂತು ಅರ್ಧ ತಾಸಾಗಿತ್ತು. ಅಂಗಿಯ ಒಳಜೇಬಿನಲ್ಲಿ ಲಕೋಟೆ ಇತ್ತು.

ಲಕೋಟೆ ಬರೆದು ಅಂದಿಗೆ ಹತ್ತೊಂಬತ್ತು ದಿನ. ಬರೆದ ಹುರುಪಿನಲ್ಲಿ ಅಂದೇ ನಿಜಾಮ ಸರ್ಕಾರದ ಸ್ಟಾಂಪು ಹಚ್ಚಿ ಮುಗಿಸಿದ್ದ. ಆಮೇಲೆ ಹುರುಪು ಇಳಿಯಿತು, ಸ್ಟಾಂಪು ಉಳಿಯಿತು. ದಿನಾ ಸಾಲಿ ಬಿಟ್ಟ ಮೇಲೆ ಈ ಗಿಡದ ತನಕ ಬರುವುದು, ನಿಲ್ಲುವುದು, ಮನೆಗೆ ಹೋಗುವುದು. ಜೇಬಿನ ಬೆವರಿಗೆ ಲಕೋಟೆ ಹಪ್ಪಳದಂತೆ ಡೊಂಕಾಗಿತ್ತು.

ಇಂಟರ್ಮೀಡಿಯೆಟ್ ಪರೀಕ್ಷೆಗೆ ಖಾಸಗಿಯಾಗಿ ಹೆಸರು ಕೊಟ್ಟದ್ದು ಅವನೊಬ್ಬನೇ ಏನಲ್ಲ. ಅದೇ ಸಾಲಿಯ ಕುಬೇರಪ್ಪ ಮಾಸ್ತರನೂ ಕೊಟ್ಟಿದ್ದ. ಹೆಡ್‌ಮಾಸ್ತರ ಮುರ್ತುಜಾಸಾಬರು ಬರುವ ವರ್ಷ ಪೆನ್ಷನ್ ಆಗುವವರು. ಇನ್‌ಸ್ಪೆಕ್ಟರ್ ಸಾಹೇಬರು ಬಂದವರು ಇಬ್ಬರನ್ನೂ ಕರೆದು, ಯಾರು ಇಂಟರ್ ಪಾಸಾಗುತ್ತಾರೋ ಅವರಿಗೆ ಆ ಕುರ್ಚಿ, ಯಾರೂ ಆಗದಿದ್ದರೆ ಹೈದರಾಬಾದಿನಿಂದ ಹೊಸಬರು ಎಂದು ಹೇಳಿ ಮೋಟಾರು ಹತ್ತಿ ಹೋಗಿದ್ದರು. ಹೋದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರೂ ಕುರ್ಚಿಯನ್ನು ನೋಡಿದರು.

ಪರೀಕ್ಷೆ ಪೂರಾ ಉರ್ದುವಿನಲ್ಲಿ. ಕೊಟ್ರಪ್ಪನಿಗೆ ಉರ್ದು ಬರುತ್ತಿತ್ತು. ಪಗಾರದ ಕಾಗದ ಓದಲು ಬೇಕಾದಷ್ಟು, ಮೇಲಧಿಕಾರಿಗಳಿಗೆ ನಮಸ್ಕಾರ ಬರೆಯಲು ಬೇಕಾದಷ್ಟು. ವಿಷಯ ಆರಿಸುವಾಗ ಕುಬೇರಪ್ಪ ತರ್ಕಶಾಸ್ತ್ರ ತೆಗೆದುಕೊಂಡಿದ್ದಾನೆಂದು ಯಾರೋ ಹೇಳಿದರು. ಹಾಗಾದರೆ ಅದು ಹಗುರವಿರಬೇಕೆಂದು ಇವನೂ ಅದನ್ನೇ ಬರೆದ. ಪುಸ್ತಕ ಕೈಗೆ ಬಂದ ದಿನ ಗೊತ್ತಾಯಿತು, ಉರ್ದುವಿನಲ್ಲಿ ಅದರ ಹೆಸರು ಮಂತಿಕ್ ಎಂದು, ಮತ್ತು ಮೊದಲ ಪುಟದಲ್ಲಿ ತನಗೆ ಗೊತ್ತಿರುವುದು ಆ ಹೆಸರೊಂದೇ ಎಂದು.

ಅಷ್ಟಾದರೂ ಅವನು ಎರಡು ವರ್ಷ ಓದಿದ. ಓದಿದ ಅನ್ನುವುದಕ್ಕಿಂತ ಅವನ ಹೆಂಡತಿ ಬಸವಣ್ಣೆಮ್ಮ ಓದಿಸಿದಳು ಅನ್ನಬೇಕು. ಗಂಡ ಪುಸ್ತಕ ತೆರೆದನೆಂದರೆ ಆಕೆ ಬಾಗಿಲಿಗೆ ಬಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು:

"ಸಪ್ಪಳ ಮಾಡಬ್ಯಾಡ್ರವ್ವಾ! ಇವರು ಓದಾಕತ್ಯಾರ!"

ಓಣಿಯಲ್ಲಿ ಖಾರ ಕುಟ್ಟುವುದು ನಿಂತಿತು. ಹಿತ್ತಲ ಮನೆಯ ಹಂಪವ್ವ ಬೀಸುವ ಕಲ್ಲನ್ನು ತಂಗಿಯ ಮನೆಗೆ ಸಾಗಿಸಿದಳು. ಎದುರು ಮನೆಯ ಪಿಂಜಾರ ಅರಳೆ ಬಡಿಯುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಊರ ಹೊರಗಿನ ಬಯಲಿಗೆ ಹೋಗಿ ಹತ್ತಿ ಹಿಂಜಿ ಬರುತ್ತಿದ್ದ. ಇಷ್ಟು ಜನ ಸುಮ್ಮನಿರುವಾಗ ಪುಸ್ತಕದ ಮುಂದೆ ತೂಕಡಿಸುವುದು ದ್ರೋಹವೆನಿಸಿ ಕೊಟ್ರಪ್ಪ ಕಣ್ಣು ತೆರೆದುಕೊಂಡೇ ಇರುತ್ತಿದ್ದ. ಮೊದಲೇ ಮಾತು ಕಡಿಮೆಯ ಮನುಷ್ಯ. ಅವನು ಸುಮ್ಮನಿದ್ದರೆ ಊರು ಅದನ್ನು ವಿದ್ಯೆ ಎಂದು ತಿಳಿಯುತ್ತಿತ್ತು. ನಿಜವಾಗಿ ಅವನು ಅಷ್ಟು ಹೊತ್ತೂ ತನ್ನ ಜೊತೆಗೇ ಜಗಳಾಡುತ್ತಿದ್ದ.

ಜಗಳದಲ್ಲಿ ಕೊನೆಗೆ ಗೆದ್ದದ್ದು ಅಂಜಿಕೆ. ನಿಜಾಮರ ಪಂಚಾಂಗದ ಇಸ್ಫಂದಾರ ತಿಂಗಳ ಕೊನೆಯೊಳಗೆ ಪರೀಕ್ಷೆ ಕೈಬಿಡುವ ಅರ್ಜಿ ಮುಟ್ಟಿದರೆ ಹೆಸರು ತೆಗೆದುಹಾಕುತ್ತಾರೆ, ಬರುವ ವರ್ಷ ಮತ್ತೆ ಕೂರಬಹುದು ಎಂದು ನಿಯಮದಲ್ಲಿತ್ತು. ಆದರೆ ಲಕೋಟೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ದಸ್ತಬರ್ದಾರಿ', ಅಂದರೆ ಕೈಬಿಟ್ಟದ್ದು, ಎಂದು ಬರೆಯಲೇಬೇಕೆಂದೂ ಅದೇ ನಿಯಮ ಹೇಳುತ್ತಿತ್ತು. ಒಳಗಿನ ಗುಟ್ಟನ್ನು ಹೊರಗೆ ಬರೆದು ಅಂಟು ಹಚ್ಚಿ ಮುಚ್ಚಿದ ಹಾಗೆ. ಟಪಾಲು ಮುನ್ಷಿ ಹೈದರಸಾಬನೋ, ಪ್ರತಿ ಲಕೋಟೆಯ ವಿಳಾಸವನ್ನೂ ಗಟ್ಟಿಯಾಗಿ ಓದಿ ಮುದ್ರೆ ಗುದ್ದುವ ಮನುಷ್ಯ.

ಈಗಲೂ ಒಳಗಿನಿಂದ ಅವನ ದನಿ ಬರುತ್ತಿತ್ತು. "ಕನಕಗಿರಿ! ಸಾವ್ಕಾರ್ ದೊಡ್ಡಬಸಪ್ಪಗ! ಮತ್ತ ಬೀಗರ ಪತ್ರ ಬಂತು ನೋಡ್ರಿ, ಮದಿವಿ ಮುರದಂಗ ಕಾಣತೈತಿ!" ಧಡ್ ಎಂದು ಮುದ್ರೆ ಬಿತ್ತು.

ಕೊಟ್ರಪ್ಪ ಗಿಡ ಬಿಟ್ಟು ಮನೆಗೆ ಹೋದ.

ಮರುದಿನ ಶುಕ್ರವಾರ, ನಿಜಾಮ ರಾಜ್ಯದ ಸಾಲಿಗೆ ರಜೆ. ಬರೆಯುವ ನಿಬ್ಬು ತರಬೇಕೆಂದು ಹೆಂಡತಿಗೆ ಹೇಳಿ, ಆನೆಗೊಂದಿಯ ಹತ್ತಿರ ಹೊಳೆ ದಾಟಿ ಹೊಸಪೇಟೆಗೆ ಹೊರಟ. ಹೊಳೆಯಾಚೆ ಇಂಗ್ರೇಜಿ ರಾಜ್ಯ. ಅಲ್ಲಿ ಅವನ ಗುರುತಿನವರಿಲ್ಲ. ಹರಿಗೋಲಿನಲ್ಲಿ ಕಾಲು ಮಡಚಿ ಕುಳಿತನೋ ಇಲ್ಲವೋ, ಹುಟ್ಟು ಹಾಕುತ್ತಿದ್ದ ಯಮನೂರಪ್ಪ ಕೇಳಿದ:

"ಮಾಸ್ತರ, ಪರೀಕ್ಷಾ ಯಾವಾಗರಿ?"

"ನಿನಗ್ಯಾರು ಹೇಳಿದ್ರೋ?"

"ನಮ್ಮ ಅಕ್ಕನ್ನ ನಿಮ್ಮ ಓಣಿಗೆ ಕೊಟ್ಟಾರ್ರಿ. ಎರಡು ವರ್ಷಾತು, ತವರಮನಿಗೆ ಬಂದ್ರೂ ಪಿಸುಪಿಸು ಮಾತಾಡ್ತಾಳ. ನಮ್ಮ ಭಾವಗ ಭಾಳ ಆರಾಮಾಗೈತ್ರಿ."

ಹರಿಗೋಲು ಗಿರಗಿರ ತಿರುಗಿತು. ಕೊಟ್ರಪ್ಪ ಆಚೆ ದಡಕ್ಕೆ ಇಳಿದು ಬಂಡಿ ಹತ್ತಿದ. ಹೊಸಪೇಟೆ ಸ್ಟೇಷನ್ನಿನ ಹೊರಗೆ ಕೆಂಪು ಟಪಾಲು ಡಬ್ಬಿ ಬಾಯಿ ತೆರೆದು ನಿಂತಿತ್ತು. ಹೆಸರು ಓದುವವರಿಲ್ಲ, ಏನೆಂದು ಕೇಳುವವರಿಲ್ಲ. ಸ್ಟಾಂಪು ಮೊದಲೇ ಹಚ್ಚಿತ್ತು. ಅತ್ತಿತ್ತ ನೋಡಿ ತಟ್ಟನೆ ಒಳಗೆ ಬಿಟ್ಟ. ಇಪ್ಪತ್ತು ದಿನ ಎದೆಯ ಮೇಲಿದ್ದದ್ದು ಸಣ್ಣಗೆ ಟಪ್ ಎಂದಿತು, ಅಷ್ಟೇ. ನಿಬ್ಬು ಕೊಳ್ಳುವುದನ್ನು ಮರೆತು ಮನೆಗೆ ಬಂದು, ಬೈಸಿಕೊಂಡು, ಎರಡು ವರ್ಷದ ನಂತರ ಮೊದಲ ಬಾರಿಗೆ ಗಾಢ ನಿದ್ದೆ ಮಾಡಿದ.

ಅರ್ಜಿ ಮುಟ್ಟಿತೆಂದು ಹೈದರಾಬಾದಿನಿಂದ ಉತ್ತರ ಬರಲಿಲ್ಲ. ಸಾಲಿಯ ಛಾವಣಿ ಸೋರುತ್ತದೆಂದು ಬರೆದ ಪತ್ರಕ್ಕೂ ಮೂರು ವರ್ಷದಿಂದ ಉತ್ತರ ಬಂದಿರಲಿಲ್ಲವಾದ್ದರಿಂದ ಕೊಟ್ರಪ್ಪ ಚಿಂತೆ ಮಾಡಲಿಲ್ಲ. ಮನೆಯಲ್ಲಿ ಹೇಳುವುದೊಂದು ಬಾಕಿ. ಇಂದು ಹೇಳೋಣ, ನಾಳೆ ಹೇಳೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಬಸವಣ್ಣೆಮ್ಮ ಬಾದಾಮಿ ಹಾಲು ತಂದಿಡುತ್ತಿದ್ದಳು. ಹಾಲು ಕುಡಿದ ಬಾಯಲ್ಲಿ ಆ ಮಾತು ಹೊರಡುತ್ತಿರಲಿಲ್ಲ. ಸುಮ್ಮನೆ ಕೂರಲು ಬಾರದೆ ಪುಸ್ತಕ ತೆರೆಯುತ್ತಿದ್ದ. ಪರೀಕ್ಷೆ ಇಲ್ಲವೆಂದ ಮೇಲೆ ಮಂತಿಕ್ ಅಷ್ಟೇನೂ ಕೆಟ್ಟದ್ದಲ್ಲವೆನಿಸಿತು. ಎಲ್ಲ ಮನುಷ್ಯರೂ ಸಾಯುವವರು, ಕುಬೇರಪ್ಪ ಮನುಷ್ಯ. ಮುಂದಿನದನ್ನು ಓದಿ ಅವನು ಒಬ್ಬನೇ ನಕ್ಕ.

ಹೊರಡುವ ದಿನ ಬಂದೇಬಿಟ್ಟಿತು. ಪರೀಕ್ಷೆ ಕಲಬುರ್ಗಿಯಲ್ಲಿ. ಓಣಿಯ ಹೆಂಗಸರು ಆರತಿ ಎತ್ತಿದರು. ಪಿಂಜಾರ ಹೊಸ ಹತ್ತಿಯ ತಲೆದಿಂಬು ಕೊಟ್ಟ. ಹುಡುಗರ ಸಾಲು ಮೋಟಾರ್ ಸ್ಟ್ಯಾಂಡಿನ ತನಕ ಬಂತು. ಅಲ್ಲಿ ಕುಬೇರಪ್ಪ ತನ್ನ ದೊಡ್ಡ ಹೊಟ್ಟೆಯ ಮೇಲೆ ಅಷ್ಟೇ ದೊಡ್ಡ ಮಾಲೆ ಹಾಕಿಸಿಕೊಂಡು ನಿಂತಿದ್ದ. ಕೈಯಲ್ಲಿ ಮೂರು ಖಾನೆಯ ಬುತ್ತಿ ಡಬ್ಬಿ.

"ಬರ್ರಿ ಕೊಟ್ರಪ್ಪನವರ. ಎಲ್ಲಾ ತಯಾರಿ ಆಗೇತೇನ್ರಿ?"

"ಆಗೇತ್ರಿ. ನಿಮ್ದು?"

"ಪೂರಾ."

ರಾಯಚೂರಿನ ತನಕ ಮೋಟಾರಿನಲ್ಲಿ, ಅಲ್ಲಿಂದ ರೈಲಿನಲ್ಲಿ, ಇಬ್ಬರೂ ಪರೀಕ್ಷೆಯೊಂದನ್ನು ಬಿಟ್ಟು ಮಳೆ, ಎತ್ತು, ಅಕ್ಕಿಯ ಧಾರಣೆ ಎಲ್ಲವನ್ನೂ ಮಾತಾಡಿದರು. ಮಾತು ಮುಗಿದಾಗ ಕುಬೇರಪ್ಪ ಬುತ್ತಿ ಬಿಚ್ಚಿದ. ಕೊಟ್ರಪ್ಪನ ಉಪಾಯ ಸರಳವಾಗಿತ್ತು. ಕುಬೇರಪ್ಪನ ಜೊತೆ ಕಾಲೇಜಿನ ಪಡಸಾಲೆಯ ತನಕ ಹೋಗುವುದು, ಅವನು ಒಳಗೆ ಹೋದ ಮೇಲೆ ಹಿಂದಿನ ಬಾಗಿಲಿನಿಂದ ಹೊರಬಿದ್ದು ದಿನವೆಲ್ಲ ಎಲ್ಲಾದರೂ ಕಳೆಯುವುದು. ಊರಿಗೆ ಹೋಗಿ ಫೇಲಾದೆ ಎನ್ನುವುದು.

ಬೆಳಿಗ್ಗೆ ಪಡಸಾಲೆಯಲ್ಲಿ ಅರವತ್ತು ಎಪ್ಪತ್ತು ಮಂದಿ ಸೇರಿದ್ದರು. ಖಾಸಗಿಯವರಿಗೆ ಹಾಲ್ ಟಿಕೆಟು ಅಲ್ಲೇ ಕೊಡುವ ಪದ್ಧತಿ. ಕೆಂಪು ಟೋಪಿಯ ಗುಮಾಸ್ತ ಮೇಜಿನ ಹಿಂದೆ ನಿಂತು ಹೆಸರು ಕೂಗತೊಡಗಿದ. ಕೊಟ್ರಪ್ಪ ಕುಬೇರಪ್ಪನ ಹೆಸರಿಗಾಗಿ ಕಾಯುತ್ತಿದ್ದ. ಅದು ಬಂದರೆ ತನಗೆ ಬಿಡುಗಡೆ.

"ಕೊಟ್ರಪ್ಪ ವಲದ್ ಗೋಣೆಪ್ಪ! ಗಂಗಾವತಿ!"

ಗೋಣೆಪ್ಪನ ಮಗ ಕೊಟ್ರಪ್ಪ ಗಂಗಾವತಿಯಲ್ಲಿ ಇನ್ನೊಬ್ಬನಿರಬಹುದೇ ಎಂದು ಕೊಟ್ರಪ್ಪ ನಿಜವಾಗಿಯೂ ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆ ಇತ್ತು.

"ಹೋಗ್ರಿ ಮಾಸ್ತರ, ನಿಮ್ಮನ್ನ ಕರೀತಾರ!" ಕುಬೇರಪ್ಪ ಬೆನ್ನಿನ ಮೇಲೆ ಕೈಯಿಟ್ಟು ದಬ್ಬಿದ. ಗುಮಾಸ್ತ ಕೈಯಲ್ಲಿ ಚೀಟಿ ತುರುಕಿದ. ಇಲ್ಲ, ನಾನು ಕೈಬಿಟ್ಟಿದ್ದೇನೆ ಎನ್ನಬೇಕು. ಕುಬೇರಪ್ಪ ಪಕ್ಕದಲ್ಲೇ ಇದ್ದಾನೆ. ಚೀಟಿ ಮಡಚಿ ಜೇಬಿಗೆ ಇಟ್ಟುಕೊಂಡ.

ಪಟ್ಟಿ ಮುಗಿಯಿತು. ಚೀಟಿ ಸಿಗದೆ ಕುಬೇರಪ್ಪ ಒಬ್ಬನೇ ಉಳಿದ. ಗುಮಾಸ್ತ ಹುಬ್ಬೇರಿಸಿದ. "ಆಪ್ ಕೌನ್?"

ಕುಬೇರಪ್ಪನ ಮುಖ ಒಂದು ಕ್ಷಣ ನೆನೆದ ಬಟ್ಟೆಯಂತಾಯಿತು. ಆಮೇಲೆ ಕೊಟ್ರಪ್ಪನ ಕಡೆ ತಿರುಗಿ ಬುತ್ತಿ ಡಬ್ಬಿ ಮೇಲೆತ್ತಿ ತೋರಿಸಿದ. "ನಾ ಇವರಿಗೆ ಬುತ್ತಿ ತಂದೀನ್ರಿ."

ಒಳಗೆ ಗಂಟೆ ಬಾರಿಸಿತು. ಕೊಟ್ರಪ್ಪ ಹೋಗಿ ಕುಳಿತ. ಹೇಗೂ ಇಲ್ಲದ ಪರೀಕ್ಷೆ, ಫೇಲಾಗಲೆಂದೇ ಬಂದದ್ದು ಎಂದುಕೊಂಡು ನಿಬ್ಬನ್ನು ಮಸಿಗೆ ಅದ್ದಿದ. ಗೊತ್ತಿದ್ದದ್ದನ್ನು ಬರೆದ. ಗೊತ್ತಿಲ್ಲದ್ದನ್ನು ಮುರ್ತುಜಾಸಾಬರು ಸರ್ಕಾರಕ್ಕೆ ಪತ್ರ ಬರೆಯುವ ರೀತಿಯಲ್ಲಿ, ಬಹಳ ವಿನಯದಿಂದ, ಎರಡು ಪುಟ ಬರೆದ.

ಮಧ್ಯಾಹ್ನ ಹೊರಗೆ ಬಂದರೆ ಹುಣಸೆ ಗಿಡದ ಕೆಳಗೆ ಕುಬೇರಪ್ಪ ಪಂಚೆ ಹಾಸಿ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಹರವಿಕೊಂಡು ಕುಳಿತಿದ್ದ. ತಾನು ಮುಟ್ಟಿರಲಿಲ್ಲ. ಅವನ ಮಟ್ಟಿಗೆ ಅದು ದೊಡ್ಡ ಮಾತು.

"ಕೂಡ್ರಿ, ಉಣ್ಣರಿ. ಹೆಂಗಾತು?"

"ಆತು. ನೀವ್ಯಾಕ ಒಳಗ ಬರಲಿಲ್ಲ?"

ಕುಬೇರಪ್ಪ ರೊಟ್ಟಿ ಮುರಿದ. ಮುರಿದದ್ದನ್ನು ಮತ್ತೆ ಮುರಿದ.

"ನಾ ಇಸ್ಫಂದಾರದಾಗ ವಾಪಸ್ ತಗೊಂಡೆರಿ. ನಮ್ಮ ಹೈದರಸಾಬನ ಕೈಯಾಗ ಲಕೋಟಿ ಕೊಟ್ಟೆ. ಮ್ಯಾಲೆ ಬರದದ್ದು ನೋಡಿದ, ನನ್ನ ಮಾರಿ ನೋಡಿದ. ಸುಮ್ಮನ ಮುದ್ರಿ ಹಾಕಿ ಥೈಲಿಯ ತಳಕ್ಕ ಇಟ್ಟ. ಇವತ್ತಿನ ತನಕ ಯಾರ ಮುಂದನೂ ಉಸಿರು ಬಿಟ್ಟಿಲ್ಲ ಆ ಮನಷ್ಯಾ."

ಕೊಟ್ರಪ್ಪ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ. "ಯಾಕ ತಗೊಂಡ್ರಿ?"

"ನಿಮ್ಮ ದೆಸೆಯಿಂದ! ಒಮ್ಮೆ ನಿಮ್ಮ ಓಣಿಗೆ ಬಂದಿದ್ದೆ. ಓಣಿ ಅನ್ನೂದು ಸ್ಮಶಾನದಂಗ ಸುಮ್ಮನೈತಿ. ಯಾಕವ್ವಾ ಅಂದ್ರ, ಮಾಸ್ತರು ಓದಾಕತ್ಯಾರ ಅಂದ್ಳು ಹಂಪವ್ವ, ಅದೂ ಕೈಸನ್ನಿ ಮಾಡಿ. ಪಿಂಜಾರನ ಬಾಯೀನೂ ಬಿಲ್ಲೂ ಎರಡೂ ಬಂದ್ ಮಾಡ್ಸ್ಯಾನಂದ್ರ ಈ ಮನಷ್ಯಾ ಎಷ್ಟು ಓದಿರಬೇಕು ಅಂತ ನನ್ನ ಎದಿ ಒಡದುಹೋತು. ಮನಿಯಾಗ ಹೇಳಾಕ ಧೈರ್ಯ ಬರಲಿಲ್ಲ. ಅದಕ್ಕ ಮಾಲಿ ಹಾಕ್ಕೊಂಡು ಬಂದೆ." ದನಿ ತಗ್ಗಿಸಿದ. "ಊರಾಗ ನಾ ಫೇಲಾದೆ ಅಂತ ಹೇಳ್ರಿ. ಫೇಲಾದ ಅಂದ್ರ ನಡೀತೈತಿ. ಅಂಜಿದ ಅನಿಸ್ಕೊಂಡು ಆ ಹುಡುಗೂರ ಮುಂದ ನಿಲ್ಲೂದು ಆಗೂದಿಲ್ಲರಿ ನನ್ನ ಕಡಿಂದ. ನಿಮ್ಮಂಥಾ ಗುಂಡಿಗಿ ನಂಗಿಲ್ಲ."

ಹೇಳುವುದಾದರೆ ಇದೇ ಹೊತ್ತು ಎಂದು ಕೊಟ್ರಪ್ಪನಿಗೆ ಅನಿಸಿತು. ಹೇಳಿದರೆ ಇಬ್ಬರೂ ಈ ಗಿಡದ ಕೆಳಗೆ ಹೊಟ್ಟೆ ಹಿಡಿದು ನಗಬಹುದು. ಬಾಯಿ ತೆರೆದ. ಕುಬೇರಪ್ಪ ಅದರ ಮುಂದೆ ಮೊಸರಿನ ಬಟ್ಟಲು ಹಿಡಿದ.

"ಉಣ್ಣರಿ. ಮಧ್ಯಾಹ್ನದ ಪರ್ಚಾ ಮಂತಿಕ್ ಐತಿ, ಹೊಟ್ಟಿ ತಣ್ಣಗಿರಲಿ."

ಪರೀಕ್ಷೆ ಮುಗಿಯುವ ತನಕ ಕುಬೇರಪ್ಪ ದಿನಾ ಆ ಗಿಡದ ಕೆಳಗೆ ಕಾದ. ಪೇಟೆಯಿಂದ ಮೊಸರು ತಂದ. ನಿಬ್ಬು ತೊಳೆದುಕೊಟ್ಟ. ರಾಯಚೂರಿನ ರೈಲಿನಲ್ಲಿ ಪಿಂಜಾರನ ತಲೆದಿಂಬನ್ನು ಇಬ್ಬರೂ ಪಾಳಿಯ ಮೇಲೆ ಇಟ್ಟುಕೊಂಡರು.

ಫಲಿತಾಂಶ ಬಂತು. ಕೊಟ್ರಪ್ಪ ಮೂರನೇ ದರ್ಜೆಯಲ್ಲಿ ಪಾಸು. ಮಂತಿಕ್‌ನಲ್ಲಿ ಬೇಕಾದಷ್ಟಕ್ಕಿಂತ ಒಂದು ಅಂಕ ಹೆಚ್ಚು. ಓಣಿಯಲ್ಲಿ ಎರಡು ವರ್ಷದ ಸಪ್ಪಳ ಒಂದೇ ದಿನ ಆಯಿತು. ಖಾರ ಕುಟ್ಟಿದರು, ಹಂಪವ್ವನ ಬೀಸುವ ಕಲ್ಲು ಬಂಡಿಯಲ್ಲಿ ಮರಳಿತು, ಪಿಂಜಾರ ಮನೆಯ ಮುಂದೆ ನಿಂತು ಹತ್ತಿಯಿಲ್ಲದ ಬಿಲ್ಲನ್ನೇ ಮಿಡಿದ. ಮುರ್ತುಜಾಸಾಬರು ಪೆನ್ಷನ್ ಆದರು. ಕೊಟ್ರಪ್ಪ ಕುರ್ಚಿಯಲ್ಲಿ ಕುಳಿತ ದಿನ ಕುಬೇರಪ್ಪ ಹುಡುಗರನ್ನು ಸಾಲಾಗಿ ನಿಲ್ಲಿಸಿ ಭಾಷಣ ಮಾಡಿದ. "ನಾನೂ ಕುಂತಿದ್ದೆ, ಫೇಲಾದೆ. ಇವರು ಪಾಸಾದ್ರು. ಯಾಕ? ಗುಂಡಿಗಿ! ಕಲೀರಿ!"

ಮಳೆಗಾಲ ಮುಗಿದು ಆಜೂರ ತಿಂಗಳ ಒಂದು ಮಧ್ಯಾಹ್ನ ಹೈದರಸಾಬ ತಾನೇ ಸಾಲಿಗೆ ಬಂದ. ಎಂದೂ ಬಾಗಿಲಿನಿಂದಲೇ ಹೆಸರು ಕೂಗುವವನು ಅಂದು ಒಳಗೆ ಬಂದು ಬಾಗಿಲು ಮುಚ್ಚಿ, ಮೇಜಿನ ಮೇಲೆ ಒಂದು ಲಕೋಟೆ ಇಟ್ಟ. ಹಪ್ಪಳದಂತೆ ಡೊಂಕಾದ ಲಕೋಟೆ. ಮೇಲೆ ಏಳೆಂಟು ಊರಿನ ಮುದ್ರೆ.

"ಇಂಗ್ರೇಜಿ ಡಬ್ಬ್ಯಾಗ ನಮ್ಮ ಸರ್ಕಾರದ ಸ್ಟಾಂಪ್ ನಡಿಯೂದಿಲ್ಲ, ಮಾಸ್ತರ," ಎಂದು ಅವನು ಮೆಲ್ಲಗೆ ಹೇಳಿದ. "ಸ್ಟಾಂಪೇ ಇಲ್ಲದ್ದು ಅಂತ ಬೇರಿಂಗ್ ಹಾಕ್ಯಾರ. ಹೈದರಾಬಾದಿನ ಕಚೇರ್ಯಾಗ ದಂಡ ಕೊಟ್ಟು ಬಿಡಿಸ್ಕೊಂಡಿಲ್ಲ. ಊರೂರು ತಿರಗಿ ಬಂದೈತಿ."

ಕೊಟ್ರಪ್ಪ ಆ ಸ್ಟಾಂಪನ್ನು ನೋಡಿದ. ಇಪ್ಪತ್ತು ದಿನ ಎದೆಗಿಟ್ಟುಕೊಂಡು ತಿರುಗಿದರೂ ಅದನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

"ನನ್ನ ಕೈಯಾಗ ಕೊಟ್ಟಿದ್ರ ಎರಡು ದಿನಕ್ಕ ಮುಟ್ಟತಿತ್ತು," ಎಂದ ಹೈದರಸಾಬ. ಬಾಗಿಲಿನ ತನಕ ಹೋಗಿ ನಿಂತ. "ಕೊಡದಿದ್ದದ್ದ ಛಲೋ ಆತು ಬಿಡ್ರಿ."

ಅವನು ಹೊರಬಿದ್ದ ಕೂಡಲೇ ಕುಬೇರಪ್ಪ ಹಾಜರಿ ಪುಸ್ತಕ ಹಿಡಿದು ಒಳಗೆ ಬಂದ. "ಏನ್ರಿ ಪತ್ರ, ಹೆಡ್‌ಮಾಸ್ತರ?"

"ಏನಿಲ್ಲ. ಹಳೇದು," ಎಂದು ಕೊಟ್ರಪ್ಪ ಅದನ್ನು ಮಂತಿಕ್ ಪುಸ್ತಕದೊಳಗೆ ಸೇರಿಸಿದ.

"ಛಾವಣಿ ಪತ್ರಕ್ಕ ಉತ್ತರ ಬಂತೇನಂತ ಮಾಡಿದ್ದೆ," ಎಂದು ಕುಬೇರಪ್ಪ ನಕ್ಕು, ಸಹಿ ಹಾಕಿಸಿಕೊಂಡು ಹೋದ.

ಆಮೇಲೆ ಹನ್ನೊಂದು ವರ್ಷ ಇಬ್ಬರೂ ಒಂದೇ ಸಾಲಿಯಲ್ಲಿ ಕೆಲಸ ಮಾಡಿದರು, ಮಧ್ಯಾಹ್ನ ಒಂದೇ ಬುತ್ತಿ ಬಿಚ್ಚಿ ಉಂಡರು. ಪ್ರತಿ ವರ್ಷ ಪರೀಕ್ಷೆಯ ಮುಂಚೆ ಕುಬೇರಪ್ಪ ಹುಡುಗರ ಮುಂದೆ ಗುಂಡಿಗೆಯ ಭಾಷಣ ಮಾಡುತ್ತಿದ್ದ, ಕೊಟ್ರಪ್ಪ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೇಳುತ್ತಿದ್ದ. ಹುಡುಗರು ಅದನ್ನು ವಿನಯ ಎಂದು ತಿಳಿದರು. ತಾನೂ ಆ ವರ್ಷ ಅಂಜಿ ಪರೀಕ್ಷೆ ಕೈಬಿಟ್ಟಿದ್ದೆ ಎಂದು ಕೊಟ್ರಪ್ಪ ಕುಬೇರಪ್ಪನಿಗೆ ಎಂದೂ ಹೇಳಲಿಲ್ಲ.