ಬಾಗಿಲಿನ ನೆತ್ತಿ

ಬಾಬುರಾಯನಕೊಪ್ಪಲಿನಲ್ಲಿ ನಾವು ಕಟ್ಟಿಸಿದ ಮನೆಗೆ ಫ್ಯಾಕ್ಟರಿ ಬಾಗಿಲು ತರಿಸುತ್ತೇನೆ, ಒಂದೇ ದಿನದಲ್ಲಿ ಕೂರಿಸುತ್ತೇನೆ ಎಂದ ಕಂಟ್ರಾಕ್ಟರಿಗೆ ಸರಿಯಾಗಿಯೇ ಬೈದಿದ್ದೆ. ಮೊದಲ ಮಳೆಗೇ ಉಬ್ಬಿ ಕಚ್ಚಿಕೊಳ್ಳುವ ಬಾಗಿಲು ಬಡಗಿ ಕಾಳಪ್ಪಾಚಾರಿಯ ಮಗಳ ಮನೆಗೆ ಬೇಕೆ? ಅಪ್ಪನ ಮರ್ಯಾದೆ ಏನಾಗಬೇಡ?

ತೇಗದ ವಾಸನೆ ಬಂದರೆ ನನಗೆ ಈಗಲೂ ಪಾಂಡವಪುರದ ಅಪ್ಪನ ಮರಗೆಲಸದ ಕೊಟ್ಟಿಗೆಯೇ ಕಣ್ಣ ಮುಂದೆ ಬರುತ್ತದೆ. ಕೆಲಸ ಕಲಿಯಲು ಬಂದಿದ್ದ ರಘುನಂದನ್ ಉಜ್ಜುಗೊರಡು ಹಿಡಿದು ಬಾಗಿಲು ನಯ ಮಾಡುತ್ತಿದ್ದ. ನಾನು ಹಂಡೆ ಒಲೆಗೆ ಮರದ ಸಿಪ್ಪೆ ಬಾಚಿಕೊಳ್ಳುವ ನೆಪದಲ್ಲಿ ಅಲ್ಲೇ ಸುಳಿದಾಡುತ್ತಿದ್ದೆ. ಬಾಗಿಲಿನ ಮೇಲಂಚಿಗೆ ಅಪ್ಪ ನೆತ್ತಿ ಅನ್ನುತ್ತಿದ್ದ. ಅದು ಯಾರ ಕಣ್ಣಿಗೂ ಬೀಳುವುದಿಲ್ಲವೆಂದು ರಘು ಒರಟಾಗಿಯೇ ಬಿಡುತ್ತಿದ್ದ. ಅಪ್ಪ ಅಲ್ಲಿಗೇ ಕೈ ಹಾಕುತ್ತಿದ್ದ.

"ನೆತ್ತಿ ಉಜ್ಜಲಾ! ನೀರು ಮೊದ್ಲು ಕುಡಿಯೋದು ಅಲ್ಲೇ ಕಣ್ಲಾ!"

ನಾನೂ ಒಂದು ಕೈ ನೋಡುತ್ತೇನೆಂದರೆ, "ಎಣ್ಮಕ್ಳು ಉಳಿ ಮುಟ್ಬಾರ್ದು, ಓಗವ್ವ" ಎಂದು ಅಟ್ಟುತ್ತಿದ್ದ. ಆ ಕೋಪ ಇವತ್ತಿಗೂ ಆರಿಲ್ಲ. ಆದರೂ ಆ ದಿನಗಳಷ್ಟು ಚಂದದ ದಿನ ಮತ್ತೆ ಬರಲಿಲ್ಲ.

ಈಗ ರಘುವಿಗೆ ಶ್ರೀರಂಗಪಟ್ಟಣದಲ್ಲಿ ಸ್ವಂತ ಅಂಗಡಿಯಿದೆ. ಮನೆ ಏಳುತ್ತಿದ್ದಷ್ಟು ಕಾಲವೂ ಅಲ್ಲಿಗೆ ಹೋಗಿ, ತಲೆಬಾಗಿಲನ್ನು ನಾನೇ ಮಾಡಿದೆ. ಅವನು ಮರ ಕೊಯ್ದು ಕೊಟ್ಟ, ಕೀಲು ಕೂರಿಸುವುದನ್ನು ತೋರಿಸಿದ. ಉಳಿದದ್ದೆಲ್ಲ ನನ್ನ ಕೈಕೆಲಸ. ಅಪ್ಪನಿಗೆ ಮಾತ್ರ ರಘು ಮಾಡಿದ್ದೆಂದೇ ಹೇಳಿದೆವು. ನಾನು ಮಾಡಿದ್ದೆಂದು ಗೊತ್ತಾದರೆ ಆ ಹೊಸ್ತಿಲು ದಾಟುವುದಿಲ್ಲವೆಂಬ ಭಯ ನನಗೆ. ಅಪ್ಪ ಒಳಗೆ ಬಾರದ ಮನೆ ಕಟ್ಟಿ ಏನು ಸುಖ?

ಗೃಹಪ್ರವೇಶಕ್ಕೆ ಮುಂಚೆ, ಇನ್ನೂ ಚೌಕಟ್ಟಿಗೆ ಕೂರಿಸದೆ ಹೊರಗೋಡೆಗೆ ಒರಗಿಸಿಟ್ಟಿದ್ದ ಬಾಗಿಲು ನೋಡಲು ಅಪ್ಪ ಬಂದ. ಕಣ್ಣು ಮಂಜಾಗಿ ವರ್ಷಗಳಾಗಿವೆ. ಕೀಲುಗಳನ್ನು ಸವರಿದ, ಚಿಲಕ ಎಳೆದು ನೋಡಿದ. ಆಮೇಲೆ, "ಸ್ಟೂಲ್ ತತ್ತಾ" ಎಂದ.

"ಈ ವಯಸ್ಸಲ್ಲಿ ಸ್ಟೂಲ್ ಯಾಕಪ್ಪ? ಬಿದ್ಗಿದ್ದೀಯೆ!"

"ಕಾಲ್ ಇಡ್ಕ."

ಹತ್ತಿಯೇ ಬಿಟ್ಟ. ನಾನು ಮೊಣಕಾಲು ತಬ್ಬಿ ಹಿಡಿದೆ. ಅವನ ಅಂಗೈ ನೆತ್ತಿಯ ಮೇಲೆ ಈ ತುದಿಯಿಂದ ಆ ತುದಿಗೆ ಹೋಯಿತು, ಮತ್ತೆ ಹಿಂದಕ್ಕೆ ಬಂತು.

"ಯಾರು ಮಾಡಿದ್ದು?"

"ರಘು ಕಣಪ್ಪ."

"ಸುಳ್ ಏಳ್ಬ್ಯಾಡ. ಅವನ್ಗೆ ಬೈದು ಬೈದು ನನ್ ಗಂಟ್ಲು ಒಣಗೋಯ್ತು, ನೆತ್ತಿ ಮ್ಯಾಲೆ ಅವನ್ ಕೈ ಬರ್ನೇ ಇಲ್ಲ." ಇನ್ನೊಮ್ಮೆ ನೆತ್ತಿ ಸವರಿದ. "ಬೈಸ್ಕಂಡೋನು ಅವನು. ಕಲ್ತೋಳು ನೀನು."

ಹಿಡಿದ ಕಾಲು ಬಿಡದೆ ಕೇಳಿದೆ, "ಒಳೀಕ್ ಬತ್ತೀಯಾ ಅಪ್ಪ?"

"ಮೊದ್ಲು ಇಳಿಸವ್ವ. ಒಳಗಿನ್ ಬಾಗ್ಲೂ ನೋಡ್ಬೇಕು."

ನನ್ನ ಹೆಗಲ ಮೇಲೆ ಕೈಯೂರಿ ಇಳಿದ. ಆ ಕೈ ತೆಗೆಯದೆಯೇ, ಬಲಗಾಲು ಮುಂದಿಟ್ಟು ಹೊಸ್ತಿಲು ದಾಟಿದ.